ಮಕ್ಕಳಿಗೆ ಜಲಚಕ್ರ ಹೇಳಿಕೊಡೋದು ಹೇಗೆ? ಚಾರ್ಟ್ ಆಮೇಲೆ, ಮೊದಲು ಒದ್ದೆ ನೆಲ

ನಾಲ್ಕನೇ ಕ್ಲಾಸಿನ ಮಗುವಿಗೆ ಜಲಚಕ್ರ ಬರೆಯೋಕೆ ಹೇಳಿ, ಐದು ನಿಮಿಷದಲ್ಲಿ ಬರೆದುಕೊಡುತ್ತದೆ. ಕೆಳಗೆ ಸಮುದ್ರ, ಮೂಲೆಯಲ್ಲಿ ಸೂರ್ಯ, ಮೇಲಕ್ಕೆ ಮೂರು ಬಾಣ, ಒಂದು ಮೋಡ, ಗೀಟು ಗೀಟು ಮಳೆ, ಬೆಟ್ಟದಿಂದ ಇಳಿಯುವ ನದಿ. ಈಗ ಇನ್ನೊಂದು ಪ್ರಶ್ನೆ ಕೇಳಿ: ಬೆಳಿಗ್ಗೆ ಒರೆಸಿದ ನೆಲದ ನೀರು ಎಲ್ಲಿ ಹೋಯ್ತು? ಹೆಚ್ಚಿನ ಮಕ್ಕಳು "ನೆಲ ಕುಡಿದುಬಿಡ್ತು" ಅಂತಾರೆ, ಕೆಲವರು "ಖಾಲಿಯಾಯ್ತು" ಅಂತಾರೆ. ಅದೇ ಮಗು, ಅದೇ ಬಾಣದ ಚಿತ್ರ ಬರೆದದ್ದು.

ತಪ್ಪು ಮಗುವಿನದ್ದಲ್ಲ. ನೀರು ಕಣ್ಣಿಗೆ ಕಾಣುವ ಕಡೆ ಚಾರ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ, ನದಿ, ಸಮುದ್ರ ಇವನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು ನೀರು ಕಾಣದ ಎರಡು ಜಾಗದಲ್ಲಿ. ಒಂದು ಗಾಳಿಯ ಒಳಗೆ, ಇನ್ನೊಂದು ನೆಲದ ಒಳಗೆ. ನಿಮ್ಮ ಹತ್ತಿರ ನಾಲ್ಕು ಪೀರಿಯಡ್ ಇದ್ದರೆ ಮೂರನ್ನು ಈ ಎರಡಕ್ಕೇ ಕೊಡಿ. ಮನೆಯಲ್ಲಿ ಹೇಳಿಕೊಡುವವರಾದರೆ ಎರಡು ಭಾನುವಾರ ಸಾಕು. ಬಾಷ್ಪೀಕರಣ, ಸಾಂದ್ರೀಕರಣ ಅನ್ನುವ ಪುಸ್ತಕದ ಹೆಸರುಗಳನ್ನು ಮೊದಲ ದಿನ ತರಬೇಡಿ.

ಒದ್ದೆ ನೆಲದಿಂದ ಶುರು

ಒಂದು ಲೋಟ ನೀರು, ಒಂದು ಸೀಮೆಸುಣ್ಣ ಸಾಕು. ರೆಡ್ ಆಕ್ಸೈಡ್ ನೆಲವೋ ಗ್ರಾನೈಟೋ ಇದ್ದರೆ ಒಳ್ಳೆಯದು. ಬರೀ ಸಿಮೆಂಟಿನ ತಾರಸಿ ಬೇಡ, ಅದು ನಿಜವಾಗಿಯೂ ನೀರು ಕುಡಿಯುತ್ತೆ, ಮಕ್ಕಳು ಅದನ್ನೇ ಹಿಡಿದುಕೊಂಡು ವಾದಕ್ಕೆ ನಿಲ್ಲುತ್ತಾರೆ. ನೀರನ್ನು ನೆಲಕ್ಕೆ ಸುರಿದು, ಅದು ಹರಡಿ ನಿಂತ ಮೇಲೆ ಅಂಚಿನ ಸುತ್ತ ಮಗುವಿನ ಕೈಯಿಂದಲೇ ಗೆರೆ ಎಳೆಸಿ. ಅರ್ಧ ಗಂಟೆಗೊಮ್ಮೆ ಹೊಸ ಗೆರೆ. ಸ್ವಲ್ಪ ಹೊತ್ತಿಗೆ ಒಂದರೊಳಗೊಂದು ಗೆರೆ ಬಿದ್ದು, ನಡುವೆ ಅಂಗೈಯಷ್ಟು ನೀರು ಉಳಿದಿರುತ್ತದೆ. ಪಕ್ಕದಲ್ಲೇ ಇನ್ನೊಂದು ಲೋಟ ಸುರಿದು ಅದರ ಮೇಲೆ ಫ್ಯಾನ್ ತಿರುಗಿಸಿ ಇಡಿ. ಯಾವುದು ಬೇಗ ಕುಗ್ಗುತ್ತೆ ಅಂತ ಮೊದಲೇ ಊಹೆ ಮಾಡಿಸಿ, ಆಮೇಲೆ ನೋಡಲಿ.

ಇದನ್ನು ಬೇಕಂತಲೇ ನೆರಳಿನಲ್ಲಿ ಮಾಡಿಸಿ. ಯಾಕೆಂದರೆ ಮಕ್ಕಳ ತಲೆಯಲ್ಲಿ ಎರಡು ತಪ್ಪು ಗಟ್ಟಿಯಾಗಿ ಕೂತಿರುತ್ತವೆ. ನೀರು ಕುದ್ದರೆ ಮಾತ್ರ ಆವಿಯಾಗುತ್ತೆ ಅನ್ನೋದು ಒಂದು, ಸೂರ್ಯ ಮೇಲಿನಿಂದ ನೀರನ್ನು ಹೀರಿಕೊಳ್ಳುತ್ತಾನೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಆ ಬಾಣಗಳೇ ಕಾರಣ ಅಂತ ನನ್ನ ಅನುಮಾನ. ನೆರಳಿನಲ್ಲಿ, ತಣ್ಣಗಿನ ನೆಲದ ಮೇಲೆ ನೀರು ಹೋಯಿತಲ್ಲ, ಹಾಗಾದರೆ? ನೀರು ತುಂಬಾ ಸಣ್ಣ ಕಣಗಳಿಂದ ಆಗಿದೆ, ಆ ಕಣಗಳು ಸುಮ್ನೆ ಕೂತಿರುವುದಿಲ್ಲ, ಮೇಲ್ಭಾಗದಲ್ಲಿರುವ ಕೆಲವು ತಪ್ಪಿಸಿಕೊಂಡು ಗಾಳಿಗೆ ಸೇರುತ್ತಲೇ ಇರುತ್ತವೆ. ಬಿಸಿ ಜಾಸ್ತಿ ಇದ್ದರೆ ಜಾಸ್ತಿ ಕಣ, ಗಾಳಿ ಬೀಸಿದರೆ ಇನ್ನೂ ಬೇಗ. ಇಡೀ ಭೂಮಿಯ ಲೆಕ್ಕಕ್ಕೆ ಆ ಬಿಸಿ ಬರುವುದು ಸೂರ್ಯನಿಂದ, ಅವನ ಪಾತ್ರ ಅಷ್ಟು. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಜಾಸ್ತಿ ಬೇಡ.

ಬಟ್ಟೆ ಒಣಗುವ ಮಾತು ಇಲ್ಲೇ ಬರಲಿ. ಏಪ್ರಿಲ್‌ನಲ್ಲಿ ರಾಯಚೂರಿನ ತಾರಸಿ ಮೇಲೆ ಹಾಕಿದ ಟವೆಲ್ ನೀವು ಊಟ ಮುಗಿಸುವಷ್ಟರಲ್ಲಿ ಗರಿಗರಿ ಆಗಿರುತ್ತದೆ. ಜುಲೈನಲ್ಲಿ ತೀರ್ಥಹಳ್ಳಿಯಲ್ಲಿ ಅದೇ ಟವೆಲ್ ಎರಡು ದಿನ ಕಳೆದರೂ ಮುಗ್ಗಲು ವಾಸನೆ ಹೊಡೆಯುತ್ತಾ ತಂತಿ ಮೇಲೆಯೇ ಇರುತ್ತದೆ. ಅಲ್ಲಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಹೊಸದಕ್ಕೆ ಜಾಗ ಕಮ್ಮಿ.

ಗಾಳಿಯಿಂದ ನೀರು ತೆಗೆಯುವುದು

ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಒಂದು ಸ್ಟೀಲ್ ಚೊಂಬಿಗೆ ಐಸ್ ಹಾಕಿ ನೀರು ತುಂಬಿಸಿ. ಹತ್ತು ನಿಮಿಷದೊಳಗೆ ಚೊಂಬಿನ ಹೊರಗೆ ಮಂಜು ಕೂತಂತೆ ಮಸುಕಾಗಿ, ಆಮೇಲೆ ಸಣ್ಣ ಹನಿಗಳು ಕೂಡಿಕೊಂಡು ಇಳಿಯುತ್ತವೆ. ಇದು ಎಲ್ಲಿಂದ ಬಂತು ಅಂದರೆ ಮಕ್ಕಳು "ಚೊಂಬು ಸೋರುತ್ತಿದೆ" ಅಂತಾರೆ. ಅಲ್ಲ ಅಂತ ತಕ್ಷಣ ಹೇಳಿಬಿಡಬೇಡಿ. ಇನ್ನೊಂದು ಸಲ ಮಾಡಿ, ಈ ಸಲ ಒಳಗಿನ ನೀರಿಗೆ ಬೀಟ್‌ರೂಟ್ ತುಂಡು ಕಿವುಚಿ ಕೆಂಪು ಮಾಡಿ. ಬಿಳಿ ಕರ್ಚೀಫಿನಿಂದ ಹೊರಗಿನ ಹನಿ ಒರೆಸಲಿ. ಕರ್ಚೀಫ್ ಬೆಳ್ಳಗೇ ಇರುತ್ತದೆ. ಸೋರಿದ್ದರೆ ಕೆಂಪಾಗಬೇಕಿತ್ತು ಅಲ್ವಾ? ಅಂದ ಮೇಲೆ ಈ ನೀರು ಹೊರಗಿನಿಂದಲೇ ಬಂದಿರಬೇಕು, ಹೊರಗೆ ಇರುವುದು ಗಾಳಿ ಮಾತ್ರ. ಈ ತೀರ್ಮಾನಕ್ಕೆ ಮಗು ತಾನೇ ಬರಬೇಕು, ಅದಕ್ಕೆ ಸ್ವಲ್ಪ ಹೊತ್ತು ಹಿಡಿದರೂ ಪರವಾಗಿಲ್ಲ.

ಮಂಗಳೂರಿನಲ್ಲಿ ಈ ಚೊಂಬು ನಿಮಿಷಗಳಲ್ಲೇ ಬೆವತುಬಿಡುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ ಗಾಳಿ ಒಣಗಿರುವುದರಿಂದ ಹನಿ ಕಮ್ಮಿ, ಐಸ್ ಜಾಸ್ತಿ ಹಾಕಿ ಕಾಯಬೇಕು. ಬೇರೆ ಬೇರೆ ಊರಿನಲ್ಲಿರುವ ಅಣ್ಣ ತಮ್ಮಂದಿರ ಮಕ್ಕಳು ಒಂದೇ ದಿನ ಮಾಡಿ ಫೋಟೋ ಕಳಿಸಿಕೊಂಡರೆ ಚೆನ್ನಾಗಿರುತ್ತದೆ. ಡಿಸೆಂಬರ್ ಬೆಳಿಗ್ಗೆ ಮಳೆ ಬಾರದೇ ಸ್ಕೂಟರ್ ಸೀಟು ಒದ್ದೆಯಾಗಿರುವುದೂ ಇದೇ ಲೆಕ್ಕ. ರಾತ್ರಿ ಸೀಟು ತಣ್ಣಗಾಯಿತು, ಗಾಳಿಯ ನೀರು ಅದರ ಮೇಲೆ ಕೂತಿತು.

ಇನ್ನು ಒಲೆಯ ಮೇಲಿನ ಹಬೆ. ನೀರಿನ ಪಾತ್ರೆಯಿಂದ ಬೆಳ್ಳಗೆ ಏಳುತ್ತದಲ್ಲ, ಅದನ್ನೇ ಆವಿ ಅಂದುಕೊಂಡಿರುತ್ತಾರೆ, ದೊಡ್ಡವರೂ ಕೂಡ. ಮೂತಿ ಇರುವ ಕೆಟಲ್‌ನಲ್ಲಿ ನೀರು ಕುದಿಸಿ, ಮಗುವನ್ನು ದೂರ ನಿಲ್ಲಿಸಿ ನೋಡಲು ಹೇಳಿ. ಮೂತಿಯ ತುದಿಗೂ ಬಿಳಿ ಹಬೆ ಶುರುವಾಗುವ ಜಾಗಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ ಕಾಣುತ್ತದೆ. ಆವಿ ಇರುವುದು ಆ ಖಾಲಿ ಜಾಗದಲ್ಲಿ, ಅದಕ್ಕೆ ಬಣ್ಣವಿಲ್ಲ. ಬೆಳ್ಳಗೆ ಕಾಣುವ ಹೊತ್ತಿಗೆ ಅದು ತಣ್ಣಗಾಗಿ ಮತ್ತೆ ಹನಿಯಾಗಿಬಿಟ್ಟಿರುತ್ತದೆ. ಮೋಡವೂ ಅಷ್ಟೇ. ಮೋಡ ಆವಿಯಲ್ಲ, ತೀರಾ ಸಣ್ಣ ನೀರಿನ ಹನಿಗಳು. ತುಂಬಾ ಎತ್ತರದ ಮೋಡಗಳಲ್ಲಿ ಮಂಜುಗಡ್ಡೆಯ ಚೂರುಗಳು.

ಮೋಡವನ್ನು ಮನೆಯಲ್ಲೇ ಮಾಡಬಹುದು. ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿ ತೊಳೆದು ಎರಡು ಇಂಚು ಬಿಸಿ ನೀರು ಹಾಕಿ, ಕುದಿಯುವ ನೀರು ಬೇಡ, ಗಾಜು ಒಡೆಯುತ್ತೆ. ಬಾಟಲಿ ಅಲ್ಲಾಡಿಸಿ ಒಳಗೆಲ್ಲ ಬೆಚ್ಚಗಾಗಲಿ. ಬಾಯಿಗೆ ಒಂದು ಸ್ಟೀಲ್ ತಟ್ಟೆ ಮುಚ್ಚಿ ಅದರ ಮೇಲೆ ಐಸ್ ಇಡಿ. ಒಂದೆರಡು ನಿಮಿಷ ನೋಡಿ, ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಈಗ ತಟ್ಟೆ ಎತ್ತಿ, ಉರಿಯುವ ಊದುಬತ್ತಿಯನ್ನು ಒಂದೆರಡು ಸೆಕೆಂಡ್ ಒಳಗೆ ಹಿಡಿದು ಹೊಗೆ ಬಿಟ್ಟು, ತಟಕ್ಕನೆ ಮುಚ್ಚಿ. ಹಿಂದೆ ಕಪ್ಪು ಕಾಗದ ಇಟ್ಟು ಪಕ್ಕದಿಂದ ಮೊಬೈಲ್ ಟಾರ್ಚ್ ಹಾಕಿದರೆ ಬಾಟಲಿಯೊಳಗೆ ಮೋಡ ಸುಳಿಯುವುದು ಕಾಣುತ್ತದೆ. ಬೆಂಕಿ, ಬಿಸಿನೀರು ಎರಡೂ ಇರುವುದರಿಂದ ಇಲ್ಲಿ ಕೈ ನಿಮ್ಮದಿರಲಿ, ಕಣ್ಣು ಮಕ್ಕಳದ್ದಿರಲಿ.

ಊದುಬತ್ತಿ ಯಾಕೆ ಬೇಕಾಯಿತು? ಆವಿ ಹನಿಯಾಗಬೇಕಾದರೆ ಕೂರಲು ಏನಾದರೂ ಬೇಕು. ಚೊಂಬಿಗಾದರೆ ಸ್ಟೀಲು ಇತ್ತು. ಆಕಾಶದಲ್ಲಿ ಧೂಳು, ಹೊಗೆ, ಸಮುದ್ರದಿಂದ ಹಾರಿಬಂದ ಉಪ್ಪಿನ ಪುಡಿ ಆ ಕೆಲಸ ಮಾಡುತ್ತವೆ. ಹಾಗೆ ಆದ ಮೋಡದ ಹನಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು. ಅಂಥವು ಸುಮಾರು ಹತ್ತು ಲಕ್ಷ ಸೇರಿದರೆ ಒಂದು ಮಳೆಹನಿ. ಅಷ್ಟು ಸಣ್ಣದಾದ್ದರಿಂದಲೇ ಮೋಡ ಬೀಳುವುದಿಲ್ಲ, ಮೇಲಕ್ಕೆ ಏಳುವ ಗಾಳಿ ಅದನ್ನು ತಡೆದು ಹಿಡಿದಿರುತ್ತದೆ. ಹಾಗಂತ ಮೋಡ ಹಗುರ ಅಂದುಕೊಳ್ಳಬೇಡಿ. ಒಂದು ಕಿಲೋಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಸಾಧಾರಣ ಬಿಳಿ ಮೋಡದಲ್ಲಿ ಸುಮಾರು 500 ಟನ್ ನೀರು ಇರುತ್ತದೆ. ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 80ಕ್ಕೂ ಜಾಸ್ತಿ. ಈ ಲೆಕ್ಕ ಮಕ್ಕಳಿಂದಲೇ ಮಾಡಿಸಿ, ಆಮೇಲೆ ಕಿಟಕಿಯಾಚೆ ನೋಡುವ ರೀತಿಯೇ ಬೇರೆ ಇರುತ್ತದೆ.

ಉಪ್ಪು, ಎಲೆ

ಸಮುದ್ರದ ನೀರು ಉಪ್ಪು, ಮಳೆ ಯಾಕೆ ಉಪ್ಪಲ್ಲ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದೇ ಅಳತೆಯಲ್ಲಿ ಉಪ್ಪುನೀರು ಮಾಡಿ, ಕಪ್ಪು ತಟ್ಟೆಗೆ ತೆಳ್ಳಗೆ ಹಾಕಿ ಬಿಸಿಲಿಗಿಡಿ. ಸಂಜೆಗೆ ಬಿಳಿ ಪದರ ಉಳಿಯುತ್ತದೆ. ನೀರು ಹೋಯಿತು, ಉಪ್ಪು ಹೋಗಲಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬೇಸಿಗೆಯಲ್ಲಿ ಮಾಡುವುದೂ ಇದನ್ನೇ, ಗದ್ದೆಯಷ್ಟು ಅಗಲಕ್ಕೆ. ಆ ಕಡೆ ಪ್ರವಾಸ ಹೋದರೆ ಬೀಚ್ ಜೊತೆಗೆ ಇದನ್ನೂ ತೋರಿಸಿ.

ಹೆಚ್ಚಿನ ಚಾರ್ಟುಗಳಲ್ಲಿ ಮರ ಇದ್ದರೂ ಸುಮ್ನೆ ಅಂದಕ್ಕೆ ನಿಂತಿರುತ್ತದೆ. ದಾಸವಾಳದ ಎಲೆ ತುಂಬಿದ ರೆಂಬೆಯೊಂದಕ್ಕೆ ಬೆಳಿಗ್ಗೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಕಟ್ಟಿ, ಬಾಯಿ ಬಿಗಿ ಮಾಡಿ. ಪಕ್ಕದ ಒಣ ಕಡ್ಡಿಗೂ ಅಂಥದ್ದೇ ಒಂದು ಕವರ್ ಕಟ್ಟಿ, ಹೋಲಿಸಿ ನೋಡೋಕೆ. ಮಧ್ಯಾಹ್ನಕ್ಕೆ ಎಲೆಯ ಕವರಿನಲ್ಲಿ ಹನಿ ಕಟ್ಟಿರುತ್ತದೆ, ಕಡ್ಡಿಯ ಕವರ್ ಹೆಚ್ಚುಕಮ್ಮಿ ಒಣಗಿಯೇ ಇರುತ್ತದೆ. ಬೇರು ನೆಲದಿಂದ ತೆಗೆದುಕೊಂಡ ನೀರು ಎಲೆಯಿಂದ ಗಾಳಿಗೆ ಸೇರಿತು. ನೋಡಿಯಾದ ಮೇಲೆ ಕವರ್ ಬಿಚ್ಚೋದು ಮರೆಯಬೇಡಿ, ಗಿಡ ಬೆಂದುಹೋಗುತ್ತೆ.

ಈಗ ನಕ್ಷೆ ತೆಗೆಯಿರಿ

ಕರ್ನಾಟಕದ ನಕ್ಷೆಯೊಂದು ಇದ್ದರೆ ಚಾರ್ಟಿನ ಬೆಟ್ಟಕ್ಕೆ ಹೆಸರು ಬರುತ್ತದೆ. ಜೂನ್ ಮೊದಲ ವಾರದ ಹೊತ್ತಿಗೆ ಅರಬ್ಬಿ ಸಮುದ್ರದ ಕಡೆಯಿಂದ ನೀರು ತುಂಬಿಕೊಂಡ ಗಾಳಿ ಕರಾವಳಿಗೆ ಬರುತ್ತದೆ. ಎದುರಿಗೆ ಪಶ್ಚಿಮ ಘಟ್ಟ. ಗಾಳಿ ಮೇಲಕ್ಕೆ ಹತ್ತಲೇಬೇಕು. ಒಂದು ಕಿಲೋಮೀಟರ್ ಮೇಲೆ ಹೋದರೆ ಐದಾರು ಡಿಗ್ರಿಯಷ್ಟು ತಣ್ಣಗಾಗುತ್ತದೆ. ತಣ್ಣಗಾದರೆ ಏನಾಗುತ್ತೆ ಅನ್ನೋದನ್ನು ಚೊಂಬಿನ ಮೇಲೆ ನೋಡಿದ್ದಾರಲ್ಲ, ಅವರೇ ಹೇಳಲಿ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿಂದ ಬಸ್ಸಿನಲ್ಲಿ ಒಂದು ಹಗಲು ಪೂರ್ವಕ್ಕೆ ಬಂದರೆ ಚಳ್ಳಕೆರೆ, ಅಲ್ಲಿ 500 ಮಿ.ಮೀ. ಆಸುಪಾಸು. ಘಟ್ಟ ದಾಟಿದ ಗಾಳಿ ಕೆಳಗಿಳಿಯುತ್ತಾ ಮತ್ತೆ ಬಿಸಿಯಾಗುತ್ತದೆ, ಉಳಿದ ಆವಿ ಹನಿಯಾಗದೇ ಹಾಗೇ ಸಾಗುತ್ತದೆ.

ಮಿಲಿಮೀಟರ್ ಅಂದರೆ ಮಕ್ಕಳಿಗೆ ಸ್ಕೇಲಿನ ಸಣ್ಣ ಗೆರೆ ಮಾತ್ರ. ಮಳೆಗೆ ಅದು ಹೇಗೆ ಅನ್ವಯಿಸುತ್ತೆ ಅಂತ ತೋರಿಸಲು ನೇರ ಗೋಡೆಯ ಗಾಜಿನ ಲೋಟವನ್ನು ತಾರಸಿಯ ನಡುವೆ ಇಡಿ. ಬಕೆಟ್ ಬೇಡ, ಅದರ ಬಾಯಿ ಅಗಲ, ತಳ ಕಿರಿದು, ಅಳತೆ ತಪ್ಪುತ್ತದೆ. ಮಳೆ ನಿಂತ ಮೇಲೆ ಸ್ಕೇಲ್ ಹಿಡಿದು ಎಷ್ಟು ನಿಂತಿದೆ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಅಂದರೆ ಸರಿಯಾಗಿ ಒಂದು ಲೀಟರ್. 30x40 ಸೈಟಿನ ಪೂರ್ತಿ ತಾರಸಿ ಸುಮಾರು 111 ಚದರ ಮೀಟರ್, ಅದರ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಹತ್ತಿರ ಹತ್ತಿರ 2,800 ಲೀಟರ್. ಒಂದೇ ಸಂಜೆಗೆ ಸಾವಿರ ಲೀಟರಿನ ಟ್ಯಾಂಕ್ ಹೆಚ್ಚುಕಮ್ಮಿ ಮೂರು ತುಂಬುವಷ್ಟು. ಇದು ಎಲ್ಲಿ ಹೋಗುತ್ತೆ ಅಂತ ಪೈಪ್ ಹಿಡಿದುಕೊಂಡು ಹೋಗಿ ನೋಡಲಿ. ಇಂಗುಗುಂಡಿಗೆ ಹೋದರೆ ಸರಿ, ರಸ್ತೆಗೆ ಹೋದರೆ ಪ್ರಶ್ನೆ ನಿಮಗೇ ಬರುತ್ತದೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಇನ್ನೊಂದು ಜಾಗ, ಸಕಲೇಶಪುರ ಕಡೆ ಹೋಗುವವರಿಗೆ. ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ನೀರು ಇಬ್ಭಾಗವಾಗುವ ಏಣು ಇದೆ, ಗುರುತಿಗೆ ಒಂದು ಕಲ್ಲೂ ಇದೆ. ಕಲ್ಲಿನ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿ ಸೇರಿ ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ಒಂದು ಗೇಣು ಆಚೀಚೆ ಬಿದ್ದ ಎರಡು ಹನಿ, ದೇಶದ ಎರಡು ದಿಕ್ಕಿನ ಸಮುದ್ರ. ಹೋಗಲಾಗದವರು ನಕ್ಷೆಯ ಮೇಲೆ ಬೆರಳಿಟ್ಟು ಎರಡು ದಾರಿ ಎಳೆಸಿ, ಅದೂ ಸಾಕು.

ನೆಲದ ಒಳಗೆ

ಎರಡು ಲೀಟರಿನ ಖಾಲಿ ಬಾಟಲಿಯ ತಲೆ ಕತ್ತರಿಸಿ, ತಳಕ್ಕೆ ಜಲ್ಲಿ, ಅದರ ಮೇಲೆ ದಪ್ಪ ಮರಳು, ಮೇಲೆ ತೆಳ್ಳಗೆ ಮಣ್ಣು ಹಾಕಿ. ಹಳೇ ಹ್ಯಾಂಡ್‌ವಾಶ್ ಬಾಟಲಿಯ ಒತ್ತುವ ಪಂಪ್ ಇರುತ್ತಲ್ಲ, ಅದನ್ನು ತೊಳೆದು, ಕೊಳವೆಯ ತುದಿಗೆ ತೆಳು ಬಟ್ಟೆ ಕಟ್ಟಿ, ಜಲ್ಲಿ ಮುಟ್ಟುವಂತೆ ಮೊದಲೇ ನಿಲ್ಲಿಸಿರಿ. ಅದು ಬೋರ್‌ವೆಲ್. ಈಗ ಮೇಲಿನಿಂದ ನಿಧಾನವಾಗಿ ನೀರು ಹುಯ್ಯಿರಿ. ಮಣ್ಣು ಒದ್ದೆಯಾಗಿ, ಮರಳಿನಲ್ಲಿ ಇಳಿದು, ಜಲ್ಲಿಯ ಸಂದಿಯಲ್ಲಿ ನೀರು ತುಂಬುತ್ತಾ ಮೇಲೇರುವುದು ಬಾಟಲಿಯ ಗೋಡೆಯಿಂದ ಚೆನ್ನಾಗಿ ಕಾಣುತ್ತದೆ. ನೀರು ನಿಂತ ಮಟ್ಟಕ್ಕೆ ಸ್ಕೆಚ್ ಪೆನ್ನಿನಿಂದ ಗೆರೆ ಹಾಕಿಸಿ. ನೆಲದ ಕೆಳಗೆ ದೊಡ್ಡ ಕೆರೆಯೋ ಹರಿಯುವ ನದಿಯೋ ಇದೆ ಅಂತ ಮಕ್ಕಳು ನಂಬಿರುತ್ತಾರೆ. ನೀರು ಇರುವುದು ಕಲ್ಲು, ಮರಳಿನ ಸಂದಿಯಲ್ಲಿ ಅನ್ನೋದು ಇಲ್ಲಿ ತಾನೇ ಗೊತ್ತಾಗುತ್ತದೆ.

ಈಗ ಪಂಪ್ ಒತ್ತಲು ಬಿಡಿ. ಗೆರೆಯಿಂದ ನೀರು ಕೆಳಗಿಳಿಯುತ್ತದೆ. ಒತ್ತುತ್ತಾ ಹೋದರೆ ಪಂಪ್ ಗೊರಗೊರ ಅಂದು ಗಾಳಿ ಎಳೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮಕ್ಕಳಿಗೆ ಆ ಸದ್ದಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಸಾವಿರ ಅಡಿ ಕೊರೆದರೂ ನೀರು ಬಾರದ ಬೋರ್‌ವೆಲ್ ಸುದ್ದಿ ಮನೆಯಲ್ಲೇ ಕೇಳಿರುತ್ತಾರೆ. ಆಮೇಲೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮತ್ತೆ ಮಳೆ ಸುರಿಸಿ. ನೀರು ಇಳಿಯುವುದೇ ಇಲ್ಲ, ಅಂಚು ದಾಟಿ ಟೇಬಲ್ ಮೇಲೆ ಹರಿಯುತ್ತದೆ. ಟೇಬಲ್ ಒರೆಸುವ ಬಟ್ಟೆ ಪಕ್ಕದಲ್ಲಿರಲಿ. ಹಾಳೆ ಅಂದರೆ ಡಾಂಬರು, ಸಿಮೆಂಟು ಅಂತ ಅವರೇ ಹೇಳುತ್ತಾರೆ.

ಚಾರ್ಟಿನಲ್ಲಿ ಇಲ್ಲದ ಇನ್ನೊಂದು ಅಂದರೆ ನಲ್ಲಿ. ಬೆಂಗಳೂರಿನ ಕಾವೇರಿ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರುತ್ತದೆ. ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿ, ಅರ್ಕಾವತಿ ಮೂಲಕ ಮತ್ತೆ ಕಾವೇರಿಗೇ ಹೋಗುತ್ತದೆ. ಇನ್ನೊಂದು ಪಾಲನ್ನು ಸಂಸ್ಕರಿಸಿ 2018ರಿಂದ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೋಡದಿಂದ ನದಿಗೆ ಬಂದ ನೀರು ಮನುಷ್ಯರ ಪೈಪಿನಲ್ಲೂ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತದೆ. ಅದನ್ನು ಬಿಟ್ಟು ಬರೀ ಬೆಟ್ಟ, ನದಿ, ಸಮುದ್ರ ಅಂತ ಹೇಳಿದರೆ ಪಟ್ಟಣದ ಮಗುವಿಗೆ ಜಲಚಕ್ರ ಬೇರೆ ಯಾರದೋ ಊರಿನ ಕಥೆ ಆಗುತ್ತದೆ.

ಕೊನೆಗೆ ಒಂದು ಆಟ

ಬಾಣಗಳನ್ನು ನೋಡಿದ ಮಕ್ಕಳು ಪ್ರತಿ ಹನಿಯೂ ಸಮುದ್ರ, ಮೋಡ, ಮಳೆ, ನದಿ ಅಂತ ಸಾಲಾಗಿ ಸುತ್ತುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಗಾಳಿಗೆ ಸೇರಿದ ನೀರು ಸರಾಸರಿ ಹತ್ತು ದಿನದೊಳಗೆ ಕೆಳಗೆ ಬೀಳುತ್ತದೆ, ಆಳದ ಅಂತರ್ಜಲ ಸಾವಿರಾರು ವರ್ಷ ಅಲ್ಲೇ ಇರಬಹುದು. ಸಮುದ್ರದಿಂದ ಎದ್ದು ಸಮುದ್ರಕ್ಕೇ ಬೀಳುವ ಮಳೆಯೇ ಜಾಸ್ತಿ. ಕ್ಲಾಸಿನ ನಾಲ್ಕು ಮೂಲೆಗೆ ಸಮುದ್ರ, ಗಾಳಿ, ಗಿಡ, ನೆಲದೊಳಗೆ ಅಂತ ಚೀಟಿ ಅಂಟಿಸಿ, ನಡುವೆ ಕೆರೆ. ಪ್ರತಿ ಜಾಗದಲ್ಲೂ ಒಂದು ದಾಳ. ಸಮುದ್ರದಲ್ಲಿ ಆರು ಬಿದ್ದರೆ ಮಾತ್ರ ಗಾಳಿಗೆ, ಉಳಿದದ್ದಕ್ಕೆ ಅಲ್ಲೇ ಕೂರಬೇಕು. ಗಾಳಿಯಲ್ಲಿ ಏನೇ ಬಿದ್ದರೂ ಹೊರಡಲೇಬೇಕು, ಹೆಚ್ಚಿನ ಅಂಕೆಗೆ ಸಮುದ್ರ, ಒಂದೆರಡಕ್ಕೆ ಕೆರೆ ಅಥವಾ ಗಿಡ. ಉಳಿದ ನಿಯಮ ಮಕ್ಕಳೇ ಮಾಡಿಕೊಳ್ಳಲಿ, ಜಗಳ ಆಗುತ್ತೆ, ಆಗಲಿ. ಹತ್ತು ಸುತ್ತಿನ ನಂತರ ಪ್ರತಿಯೊಬ್ಬರೂ ತಮ್ಮ ಹನಿಯ ದಾರಿ ಬರೆದರೆ ಇಬ್ಬರದ್ದು ಒಂದೇ ಇರುವುದು ಅಪರೂಪ.

ಹೊತ್ತಿದ್ದರೆ ಬಕೆಟ್ ಲೆಕ್ಕವನ್ನೂ ಮಾಡಿಬಿಡಿ. ಹತ್ತು ಲೀಟರಿನ ಬಕೆಟ್ ಭೂಮಿಯ ಪೂರ್ತಿ ನೀರು ಅಂದುಕೊಂಡರೆ ಉಪ್ಪಿಲ್ಲದ್ದು ಕಾಲು ಲೀಟರ್. ಅದರಲ್ಲೂ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮಂಜುಗಡ್ಡೆ, ಉಳಿದದ್ದು ಬಹುತೇಕ ನೆಲದೊಳಗೆ. ನದಿ, ಕೆರೆಗಳಲ್ಲಿರುವ ಸಿಹಿನೀರು ಒಂದು ಮಿಲಿಲೀಟರಿಗೂ ಕಮ್ಮಿ. ಔಷಧಿಯ ಡ್ರಾಪರ್‌ನಲ್ಲಿ ಅಷ್ಟನ್ನು ಎಳೆದು ಅಂಗೈ ಮೇಲೆ ಹಾಕಿ.

ಪರೀಕ್ಷೆಯ ಶಬ್ದಗಳು ಈಗ ಬರಲಿ. ಮೊದಲ ದಿನ ಬರೆದ ಚಿತ್ರವನ್ನೇ ತೆಗೆಸಿ, ಒದ್ದೆ ನೆಲದ ಹತ್ತಿರ ಬಾಷ್ಪೀಕರಣ, ಚೊಂಬಿನ ಹತ್ತಿರ ಸಾಂದ್ರೀಕರಣ, ದಾಸವಾಳಕ್ಕೆ ಬಾಷ್ಪವಿಸರ್ಜನೆ, ಬಾಟಲಿಯ ಜಲ್ಲಿಗೆ ಅಂತರ್ಜಲ ಅಂತ ಬರೆಸಿ. ಚೊಂಬು, ಬಾಟಲಿ ಚಿತ್ರದಲ್ಲಿ ಇಲ್ಲದಿದ್ದರೆ ಸೇರಿಸಲಿ, ಅಂದ ಕೆಟ್ಟರೂ ಪರವಾಗಿಲ್ಲ. ಪರೀಕ್ಷೆಗೆ ಮಾತ್ರ ಪುಸ್ತಕದಲ್ಲಿರುವ ಚಿತ್ರವನ್ನೇ ಬರೆಯಲು ಹೇಳಿ, ಪೇಪರ್ ತಿದ್ದುವವರು ಬೀಟ್‌ರೂಟ್ ಚೊಂಬಿಗೆ ಅಂಕ ಕೊಡುತ್ತಾರೆ ಅನ್ನುವ ಖಾತ್ರಿ ಇಲ್ಲ.